ಸೋರ್ಸ್‌ಮಾಡ್

ಸೋರ್ಸ್‌ಮಾಡ್ ಎಂಬುದು ಅಮೆರಿಕದ ವಾಲ್ವ್ ಸಂಸ್ಥೆಯ ಸೋರ್ಸ್ ಎಂಜಿನ್ ಆಧರಿಸಿದ ಆಟಗಳ ಸರ್ವರ್‌ಗಳಿಗೆ ಹೊಸ ನಿಯಮಗಳನ್ನೂ ಆದೇಶಗಳನ್ನೂ ಆಡಳಿತ ವ್ಯವಸ್ಥೆಯನ್ನೂ ಸೇರಿಸಲು ನೆರವಾಗುವ ಮುಕ್ತ ಆಕರದ ಪ್ಲಗಿನ್ ಚೌಕಟ್ಟು. ಮೂಲ ತಂತ್ರಾಂಶವನ್ನು ಮುಟ್ಟದೆ ಹೊರಗಿನಿಂದ ಜೋಡಿಸುವ ಕಿರು ಪ್ರೋಗ್ರಾಮಿಗೆ ಪ್ಲಗಿನ್ ಎಂದೂ, ಅಂಥ ಹಲವು ಪ್ಲಗಿನ್‌ಗಳು ಒಂದಕ್ಕೊಂದು ಅಡ್ಡಿಯಾಗದೆ ನಡೆಯಲು ಬೇಕಾದ ಏರ್ಪಾಡಿಗೆ ಚೌಕಟ್ಟು ಎಂದೂ ಹೆಸರು. ಕೌಂಟರ್-ಸ್ಟ್ರೈಕ್: ಸೋರ್ಸ್, ಟೀಮ್ ಫೋರ್ಟ್ರೆಸ್ 2, ಲೆಫ್ಟ್ 4 ಡೆಡ್ ಮೊದಲಾದ ಆಟಗಳಲ್ಲಿ ಆಟಗಾರನ ಕಂಪ್ಯೂಟರು ಅವನ ಚಲನೆಯನ್ನು ಕಳುಹಿಸಿ, ಬಂದ ಫಲಿತಾಂಶವನ್ನು ಪರದೆಯ ಮೇಲೆ ಮೂಡಿಸುತ್ತದೆಯೇ ಹೊರತು, ಯಾರ ಗುಂಡು ಯಾರಿಗೆ ತಗಲಿತು, ಯಾವ ತಂಡ ಗೆದ್ದಿತು ಎಂಬ ತೀರ್ಮಾನ ಸರ್ವರಿನದೇ ಆಗಿರುತ್ತದೆ. ಆದುದರಿಂದ ಸರ್ವರಿನಲ್ಲಿ ಮಾಡಿದ ಬದಲಾವಣೆ, ಆಟಗಾರರು ಏನನ್ನೂ ಸ್ಥಾಪಿಸಿಕೊಳ್ಳದಿದ್ದರೂ, ಎಲ್ಲರ ಆಟವನ್ನೂ ಬದಲಿಸುತ್ತದೆ. ಸೋರ್ಸ್‌ಮಾಡ್‌ನ ಬಲವೆಲ್ಲ ಈ ಸಂಗತಿಯ ಮೇಲೆ ನಿಂತಿದೆ.

ಇದರ ಬೇರು 1998ರಲ್ಲಿ ಬಿಡುಗಡೆಯಾದ ಹಾಫ್-ಲೈಫ್ ಆಟದಲ್ಲಿದೆ. ಆ ಆಟದ ನಿಯಮಭಾಗದ ಆಕರವನ್ನು ವಾಲ್ವ್ ಹವ್ಯಾಸಿಗಳಿಗೆ ಒದಗಿಸಿದ್ದರಿಂದ 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಸೇರಿ ಕೌಂಟರ್-ಸ್ಟ್ರೈಕ್ ಕಟ್ಟಿದರು. ಎಂಜಿನ್‌ಗೂ ಆಟದ ನಿಯಮಭಾಗಕ್ಕೂ ನಡುವೆ ಕುಳಿತು ಎರಡರ ನಡುವಣ ಕರೆಗಳನ್ನು ತಡೆದು ದಾಟಿಸುವ ಮೆಟಾಮಾಡ್ ಎಂಬ ಪದರವನ್ನು ವಿಲ್ ಡೇ ರಚಿಸಿದ ಮೇಲೆ, ಒಂದೇ ಸರ್ವರಿನಲ್ಲಿ ಹಲವರ ಕೃತಿಗಳು ಒಟ್ಟಿಗೆ ನಡೆಯಲು ದಾರಿಯಾಯಿತು. ಅದರ ಮೇಲೆ ಎಎಂಎಕ್ಸ್ ಮಾಡ್, ಬಳಿಕ ಎಎಂಎಕ್ಸ್ ಮಾಡ್ ಎಕ್ಸ್ ಬೆಳೆದವು. 2004ರಲ್ಲಿ ಸೋರ್ಸ್ ಎಂಜಿನ್ ಬಂದಾಗ ಡೇವಿಡ್ ಆಂಡರ್ಸನ್ ಮತ್ತು ಸಂಗಡಿಗರ ಅಲೈಡ್‌ಮಾಡರ್ಸ್ ಬಳಗವು ಮೆಟಾಮಾಡ್: ಸೋರ್ಸ್ ಎಂಬ ಹೊಸ ತಳಹದಿಯನ್ನೂ, ಅದರ ಮೇಲೆ ಸೋರ್ಸ್‌ಮಾಡ್ ಅನ್ನೂ ಕಟ್ಟಿತು.

ಚೌಕಟ್ಟಿನಲ್ಲಿ ಮೂರು ಪದರಗಳಿವೆ. ನಡುವಣ ತಿರುಳು ಪ್ಲಗಿನ್‌ಗಳನ್ನು ಲೋಡ್ ಮಾಡಿ ನಿರ್ವಹಿಸುತ್ತದೆ. ಸಿ++ನಲ್ಲಿ ಬರೆದ ವಿಸ್ತರಣೆಗಳು ಡೇಟಾಬೇಸ್ ಸಂಪರ್ಕದಂಥ ಆಳದ ಕೆಲಸಗಳನ್ನು ನೋಡಿಕೊಳ್ಳುತ್ತವೆ. ಇವುಗಳ ಮೇಲಿನ ಪ್ಲಗಿನ್‌ಗಳನ್ನು ಸೋರ್ಸ್‌ಪಾನ್ ಭಾಷೆಯಲ್ಲಿ ಬರೆಯಲಾಗುತ್ತದೆ. ಸಿ ಭಾಷೆಯನ್ನು ಹೋಲುವ, ಆದರೆ ಅದಕ್ಕಿಂತ ಸರಳವಾದ ಪಾನ್ ಎಂಬ ಭಾಷೆಯಿಂದ ಬೆಳೆದ ಸೋರ್ಸ್‌ಪಾನ್‌ನಲ್ಲಿ ಬರೆದುದನ್ನು ಕಂಪೈಲರ್ ಮಧ್ಯಂತರ ಸಂಕೇತಕ್ಕೆ ಇಳಿಸುತ್ತದೆ, ಸರ್ವರಿನಲ್ಲಿ ಅದು ಯಂತ್ರಸಂಕೇತವಾಗಿ ಪರಿವರ್ತನೆಗೊಂಡು ನಡೆಯುತ್ತದೆ. ಪ್ಲಗಿನ್ ತನ್ನ ಅರೇಯ ಎಲ್ಲೆಯನ್ನು ಮೀರಿ ಓದಲು ಹೋದರೆ ಆ ಒಂದು ಕರೆ ಮಾತ್ರ ದೋಷ ದಾಖಲಿಸಿ ನಿಲ್ಲುತ್ತದೆ, ಸರ್ವರ್ ನಿಲ್ಲುವುದಿಲ್ಲ. ಹೊಸಬರು ಧೈರ್ಯವಾಗಿ ಕಲಿಯಲು ಸಾಧ್ಯವಾದದ್ದು ಬಹುಮಟ್ಟಿಗೆ ಈ ರಕ್ಷಣೆಯಿಂದಲೇ ಎನ್ನಬೇಕು.

ಸಮಯದ ಶಿಸ್ತು ಇನ್ನೊಂದು ಮುಖ್ಯ ವಿಷಯ. ಕೌಂಟರ್-ಸ್ಟ್ರೈಕ್: ಸೋರ್ಸ್‌ನ ಸರ್ವರ್ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 66 ಬಾರಿ ಆಟದ ಲೋಕವನ್ನು ಮರುಲೆಕ್ಕ ಹಾಕುವುದರಿಂದ ಪ್ರತಿ ಸುತ್ತಿಗೂ ದೊರೆಯುವ ಅವಧಿ ಸುಮಾರು 15 ಮಿಲಿಸೆಕೆಂಡು ಮಾತ್ರ, ಎಲ್ಲ ಪ್ಲಗಿನ್‌ಗಳ ಕೆಲಸವೂ ಅಷ್ಟರೊಳಗೇ ಮುಗಿಯಬೇಕು. ನಿಷೇಧಿತ ಆಟಗಾರರ ಪಟ್ಟಿಯನ್ನೋ ಅಂಕಗಳನ್ನೋ ಡೇಟಾಬೇಸಿನಿಂದ ತರುವಾಗ ಸರ್ವರ್ ಕಾಯುತ್ತ ನಿಂತರೆ ಆಟವೇ ತಡವರಿಸುವುದರಿಂದ, ಅಂಥ ವಿಚಾರಣೆಗಳನ್ನು ಬೇರೆ ಎಳೆಯಲ್ಲಿ ನಡೆಸಿ ಉತ್ತರ ಬಂದಾಗ ಪ್ಲಗಿನ್‌ಗೆ ತಿಳಿಸುವ ವ್ಯವಸ್ಥೆಯಿದೆ. ಆಟದ ಆಕರ ಕೈಗೆ ಸಿಗದ ಕಡೆ, ಬೇಕಾದ ಫಂಕ್ಷನ್ ಸ್ಮೃತಿಯಲ್ಲಿ ಎಲ್ಲಿದೆ ಎಂಬುದನ್ನು ಅದರ ಬೈಟುಗಳ ವಿಶಿಷ್ಟ ಮಾದರಿಯಿಂದ ಗುರುತಿಸಲಾಗುತ್ತದೆ. ಆಟಕ್ಕೆ ಹೊಸ ಆವೃತ್ತಿ ಬಂದರೆ ಈ ಗುರುತುಗಳು ಕೆಡಬಹುದು, ಆಗ ಸ್ವಯಂಸೇವಕರು ಹೊಸ ಗುರುತುಗಳನ್ನು ಹುಡುಕಿ ಹಂಚುತ್ತಾರೆ. ಹೊರಗೆ ಕಾಣಿಸದ ಈ ದುಡಿಮೆಯೇ ಯೋಜನೆಯನ್ನು ಇಷ್ಟು ವರ್ಷ ಉಳಿಸಿದೆ.

ಸೋರ್ಸ್‌ಮಾಡ್ ಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿಯಡಿ, ವಾಲ್ವ್‌ನ ಸಂಕೇತದೊಡನೆ ಬೆರೆಯಲು ಬೇಕಾದ ವಿನಾಯಿತಿಯೊಂದಿಗೆ ದೊರೆಯುತ್ತದೆ. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವವರು ಆಕರವನ್ನೂ ಕೊಡಬೇಕು. ಎದುರಾಳಿಯನ್ನು ಕೊಂದಂತೆಲ್ಲ ಆಯುಧ ಬದಲಾಗುವ ಗನ್‌ಗೇಮ್ ಎಂಬ ಬಗೆ ಇಂಥ ಸಮುದಾಯ ಸರ್ವರ್‌ಗಳಲ್ಲಿಯೇ ಜನಪ್ರಿಯವಾಗಿ, 2012ರ ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್‌ನಲ್ಲಿ ಆರ್ಮ್ಸ್ ರೇಸ್ ಎಂಬ ಹೆಸರಿನಿಂದ ಅಧಿಕೃತವಾಯಿತು. ಇದೇ ಸ್ವಾತಂತ್ರ್ಯ ದುರ್ಬಳಕೆಗೂ ಒಳಗಾಗಿದೆ: ಆಟಗಾರರು ಕೊಳ್ಳದ ಅಲಂಕೃತ ಆಯುಧಗಳನ್ನು ಅವರ ಸ್ವತ್ತೆಂಬಂತೆ ತೋರಿಸುವ ಸರ್ವರ್‌ಗಳ ಮೇಲೆ ವಾಲ್ವ್ 2015ರಿಂದ ನಿರ್ಬಂಧ ಹೇರಿತು. 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2 ಸೋರ್ಸ್ 2 ಎಂಜಿನ್‌ಗೆ ಸೇರಿದ್ದು, ಅಲ್ಲಿ ಸೋರ್ಸ್‌ಮಾಡ್‌ನ ಸ್ಥಾನವನ್ನು ಸಿ# ಭಾಷೆಯ ಕೌಂಟರ್‌ಸ್ಟ್ರೈಕ್‌ಶಾರ್ಪ್‌ನಂಥ ಚೌಕಟ್ಟುಗಳು ತುಂಬುತ್ತಿವೆ.

ದೊಡ್ಡ ನಗರಗಳಿಂದ ದೂರವಿರುವ ಊರುಗಳಿಗೆ ಸ್ವಂತ ಸರ್ವರ್ ಏಕೆ ಬೇಕೆಂಬುದನ್ನು ದೂರದ ಲೆಕ್ಕವೇ ತೋರಿಸುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರು ಸಾಗುವುದರಿಂದ, ಹಾಸನದಿಂದ 7,000 ಕಿಲೋಮೀಟರಿಗೂ ಆಚೆಯಿರುವ ಯೂರೋಪಿನ ಸರ್ವರಿಗೆ ಸಂಕೇತ ಹೋಗಿಬರಲು ಕನಿಷ್ಠ 70 ಮಿಲಿಸೆಕೆಂಡು ಹಿಡಿದರೆ, ಸುಮಾರು 180 ಕಿಲೋಮೀಟರು ದೂರದ ಬೆಂಗಳೂರಿಗೆ ತಂತಿಯಲ್ಲಿ 2 ಮಿಲಿಸೆಕೆಂಡು ಸಾಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜಿನ ಪ್ರಯೋಗಾಲಯವೊಂದರಲ್ಲಿ ಸ್ಥಳೀಯ ಜಾಲದ ಮೇಲೆಯೇ ಸರ್ವರ್ ನಡೆಸಿದರೆ ಈ ವಿಳಂಬ ಬಹುತೇಕ ಇಲ್ಲವಾಗುತ್ತದೆ. ಟೀಮ್ ಫೋರ್ಟ್ರೆಸ್ 2ರ ಸರ್ವರ್ ತಂತ್ರಾಂಶವೂ ಸೋರ್ಸ್‌ಮಾಡ್ ಸಹ ಉಚಿತವಾಗಿ ಸಿಗುತ್ತವೆ. 1960ರಲ್ಲಿ ಆರಂಭವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳಲ್ಲಿ ಸಿ ಭಾಷೆ ಕಲಿತ ವಿದ್ಯಾರ್ಥಿಗೆ ಸೋರ್ಸ್‌ಪಾನ್ ಅಪರಿಚಿತವೆನಿಸದು.

ಸರ್ವರ್ ಆಟಗಾರರೊಡನೆ ಆಡುವ ಮಾತನ್ನೂ ಕನ್ನಡಕ್ಕೆ ತರಬಹುದು. ಸೂಚನಾವಾಕ್ಯಗಳೆಲ್ಲ ಪ್ಲಗಿನ್‌ನಿಂದ ಪ್ರತ್ಯೇಕವಾದ ಯುಟಿಎಫ್-8 ಪಠ್ಯಕಡತಗಳಲ್ಲಿದ್ದು, ಆಟಗಾರನ ಹೆಸರು ಅಥವಾ ಅಂಕ ಬರುವ ಜಾಗಗಳಿಗೆ ಸಂಖ್ಯೆ ಕೊಟ್ಟಿರುವುದರಿಂದ ಕ್ರಿಯಾಪದ ಕೊನೆಗೆ ಬರುವ ಕನ್ನಡ ವಾಕ್ಯಕ್ಕೆ ತಕ್ಕಂತೆ ಅವುಗಳ ಕ್ರಮವನ್ನು ಬದಲಿಸಿಕೊಳ್ಳಲು ಅವಕಾಶವಿದೆ. ಭಾಷೆಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ, ಈ ಕಡತಗಳನ್ನು ಅನುವಾದಿಸಿದರೆ ಕೆಲಸ ಆರಂಭವಾಗುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಸಿ ಬಲ್ಲವರಷ್ಟೇ ಅಲ್ಲ, ಒಳ್ಳೆಯ ಕನ್ನಡ ಬಲ್ಲವರೂ ಇದರಲ್ಲಿ ಕೈಜೋಡಿಸಬೇಕು.