ಪ್ಲೇಟಿನ ಮೇಲಿನ ಗಾಂಧಾರಿ

ಗಂಗೂಬಾಯಿ ಹಾನಗಲ್ ಎಂದೊಡನೆ ನೆನಪಾಗುವುದು ಗಂಡುದನಿ ಎನಿಸುವಷ್ಟು ಗಡುಸಾದ ಕಂಠ, ಅವಸರವಿಲ್ಲದೆ ಅರಳುವ ರಾಗ. ಆದರೆ ಅವರನ್ನು ಮೊದಲು ಮನೆಮನೆಗೆ ಮುಟ್ಟಿಸಿದ್ದು ಆ ದನಿಯಲ್ಲ, ಆ ಹೆಸರೂ ಅಲ್ಲ. 1932ರಲ್ಲಿ ಮುಂಬಯಿಯಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದಾಗ ಅವರಿಗೆ 19ರ ಪ್ರಾಯ. ಪ್ಲೇಟಿನ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ ಹುಬ್ಬಳ್ಳಿ’. ದನಿ ತೆಳು, ಶ್ರುತಿ ಎತ್ತರ. ಇಂದು ಕೇಳಿದರೆ ಇವರು ಬೇರೆಯೇ ಗಾಯಕಿ ಎನಿಸುತ್ತದೆ.

ಆ ಕಾಲದ 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಧ್ವನಿಯನ್ನು ಮೊದಲು ಮೇಣದ ಹಲಗೆಯ ಮೇಲೆ ಕೊರೆಯುತ್ತಿದ್ದರು. ನಡುವೆ ಸ್ವರ ಜಾರಿದರೆ ತಿದ್ದುವ ದಾರಿಯಿರಲಿಲ್ಲ. ಮೊದಲಿನಿಂದ ಮತ್ತೆ ಹಾಡಬೇಕಿತ್ತು. ತಾಸುಗಟ್ಟಲೆ ಬೆಳೆಯಬಹುದಾದ ಖಯಾಲನ್ನು ಈ ಅಳತೆಗೆ ಕತ್ತರಿಸುವಾಗ ಆಲಾಪ ಉಳಿಯುತ್ತಿದ್ದುದು ಹೆಸರಿಗಷ್ಟೇ. ಚೀಜು ಬೇಗ ಬರಬೇಕು, ತಾನು ಮಿಂಚಬೇಕು, ಮುಕ್ತಾಯ ಹೊತ್ತಿಗೆ ಸರಿಯಾಗಿ ಆಗಬೇಕು. ಮೂರು ನಿಮಿಷದ ಭಾವಗೀತೆಗಂತೂ ಇದು ಹೇಳಿ ಮಾಡಿಸಿದ ಚೌಕಟ್ಟು. ಗಾಂಧಾರಿ ರಾಗಗಳ ಜೊತೆಗೆ ಮರಾಠಿ ಭಾವಗೀತೆಗಳನ್ನೂ ಹಾಡಿದರು, ಜಿ. ಎನ್. ಜೋಶಿಯವರ ಜೊತೆ ಯುಗಳಗೀತೆಗಳನ್ನೂ ಹಾಡಿದರು.

ಹಾಡುಗಳನ್ನು ಜನಪ್ರಿಯತೆಯ ಮೇಲೆ ಸಾಲು ಹಚ್ಚುವ ‘ಬಿನಾಕಾ ಗೀತಮಾಲಾ’ ರೇಡಿಯೊ ಸಿಲೋನಿನಲ್ಲಿ ಶುರುವಾದದ್ದು 1952ರಲ್ಲಿ. ಅದಕ್ಕೂ 20 ವರ್ಷ ಮೊದಲು ಒಂದು ಪ್ಲೇಟು ಓಡಿತೇ ಎಂದು ತಿಳಿಯಲು ಸರಳವಾದ ಗುರುತೊಂದಿತ್ತು: ಕಂಪನಿ ಅದೇ ಗಾಯಕರನ್ನು ಮತ್ತೆ ಕರೆಯುತ್ತದೆಯೇ? 1932ರಿಂದ 1935ರವರೆಗೆ ಗಾಂಧಾರಿ ಸುಮಾರು 60 ಹಾಡುಗಳನ್ನು ಧ್ವನಿಮುದ್ರಿಸಿದರು. ಬೇರೆ ಲೆಕ್ಕ ಬೇಕಿಲ್ಲ.

ಪ್ಲೇಟಿಗೆ ಎಂಥ ಶಕ್ತಿಯಿತ್ತು ಎಂಬುದಕ್ಕೆ ಇದೇ ಸೀಮೆಯ ಇನ್ನೊಂದು ಸಾಕ್ಷಿಯಿದೆ. ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಗದಗಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟು ಕೇಳಿದ ಹುಡುಗನೊಬ್ಬ ಹಾಗೆ ಹಾಡುವ ಹಂಬಲ ಹಚ್ಚಿಕೊಂಡು 1933ರಲ್ಲಿ ಮನೆ ಬಿಟ್ಟ. ಅವನೇ ಭೀಮಸೇನ ಜೋಶಿ. ಊರೂರು ಅಲೆದು ಕೊನೆಗೆ ಅವನು ಸೇರಿದ್ದು ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆಯನ್ನು, ಕುಂದಗೋಳದಲ್ಲಿ. ಅಲ್ಲಿ ನೀರು ಹೊತ್ತು ಗುರುಸೇವೆ ಮಾಡುತ್ತ ಕಲಿತ.

ಹೆಸರು ಇನ್ನೂ ಬಾರದ ಹುಡುಗ ಕುಂದಗೋಳಕ್ಕೆ ಬಂದದ್ದರಲ್ಲಿ ಅಚ್ಚರಿಯಿಲ್ಲ. ಅಚ್ಚರಿಯೆಂದರೆ, ಹೆಸರು ಮಾಡಿದ್ದ ಗಾಂಧಾರಿಯೂ ಅಲ್ಲಿಗೇ ಬಂದದ್ದು. 1930ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಹುಬ್ಬಳ್ಳಿಯಿಂದ ರೈಲು ಹಿಡಿದು ಪಾಠಕ್ಕೆ ಹೋಗಿಬರುತ್ತಿದ್ದರು. ಮನೆಯಲ್ಲಿ ಮಕ್ಕಳು, ಸಂಸಾರದ ಭಾರ. ಜೊತೆಗೆ ಗಾಯಕಿಯರ ಮನೆತನದ ಹೆಣ್ಣೆಂದು ಕೊಂಕು ನುಡಿಯುವ ಊರು. ಪ್ಲೇಟಿನ ಹಾಡುಗಳನ್ನೇ ಹಿಗ್ಗಿಸಿ ಕಚೇರಿ ಮಾಡಿಕೊಂಡಿದ್ದರೂ ಬದುಕು ಸಾಗುತ್ತಿತ್ತು. ಅವರು ಗುರುವಿನ ಮುಂದೆ ಕೂತು, ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ತಿದ್ದಿಕೊಂಡರು.

ಮುಂದೆ ಗಂಟಲಿನ ತೊಂದರೆ, ಟಾನ್ಸಿಲ್ ಚಿಕಿತ್ಸೆ; ಆ ಎತ್ತರದ ದನಿ ಹೋಗಿ ಕೆಳಶ್ರುತಿಯ ಗಡುಸು ದನಿ ಉಳಿಯಿತು. ಪ್ಲೇಟು ಗೆದ್ದದ್ದು ಯಾವ ದನಿಯಿಂದಲೋ ಅದೇ ಇಲ್ಲವಾಗಿತ್ತು. ಅದೊಂದನ್ನೇ ನೆಚ್ಚಿದ್ದರೆ ಹಾಡಿಕೆ ಅಲ್ಲಿಗೆ ಮುಗಿಯುತ್ತಿತ್ತು. ಕುಂದಗೋಳದಲ್ಲಿ ಕಲಿತದ್ದು ದನಿಗಿಂತ ಆಳದ್ದಾಗಿತ್ತು. ರಾಗವನ್ನು ಬೆಳೆಸುವ ಕ್ರಮ ಅದು. ಬದಲಾದ ಕಂಠಕ್ಕೂ ಅದು ಒಗ್ಗಿತು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ಎರಡನೆಯ ದನಿಗೆ.

ಹಳೆಯ ಪ್ಲೇಟುಗಳನ್ನು ಕಡೆಗಣಿಸಬೇಕಿಲ್ಲ. ಹುಬ್ಬಳ್ಳಿಯ ಹುಡುಗಿಯೊಬ್ಬಳ ಹೆಸರನ್ನು ದೂರದ ಊರುಗಳಿಗೆ ಒಯ್ದದ್ದು ಅವೇ. ಆದರೆ ಗೆದ್ದ ಮೇಲೆ ಮತ್ತೆ ಶಿಷ್ಯೆಯಾಗಿ ರೈಲು ಹತ್ತಿದ ಗಾಂಧಾರಿಯೇ ಗಂಗೂಬಾಯಿಯಾದರು.