ಗಿಟಾರ್‌ನ ಸ್ಯಾಡಲ್: ಲೋಹಕ್ಕಿಂತ ಮೊದಲು ಅಳತೆ

ವೀಣೆಯಲ್ಲಿ ಸ್ವರಸ್ಥಾನ ತಪ್ಪಿದರೆ ಮೇಣ ಬಿಸಿಮಾಡಿ ಮೆಟ್ಟಿಲನ್ನು ಸರಿಸುತ್ತಾರೆ. ಕುದುರೆ ಇದ್ದಲ್ಲೇ ಇರುತ್ತದೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಇದು ತಿರುವುಮುರುವು. ಮೆಟ್ಟಿಲುಗಳನ್ನು ಮರದಲ್ಲಿ ಸೀಳು ಕೊರೆದು ಬಡಿದು ಕೂರಿಸಿರುತ್ತಾರೆ, ಅವು ಅಲುಗುವುದಿಲ್ಲ. ಸರಿಪಡಿಸುವ ಕೆಲಸವೆಲ್ಲ ಇನ್ನೊಂದು ತುದಿಯ ಕುದುರೆಗೆ, ಅಂದರೆ ಬ್ರಿಜ್‌ಗೆ ಬೀಳುತ್ತದೆ. ಬ್ರಿಜ್‌ನ ಮೇಲೆ ತಂತಿಯನ್ನು ಹೊತ್ತು ನಿಲ್ಲುವ ಪುಟ್ಟ ತುಂಡೇ ಸ್ಯಾಡಲ್. ಅದು ಸವೆದಾಗ, ತುಕ್ಕು ಹಿಡಿದಾಗ, ತಂತಿ ಪದೇ ಪದೇ ಅಲ್ಲೇ ತುಂಡಾದಾಗ ಬದಲಿಸಬೇಕಾಗುತ್ತದೆ.

ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಬದಲಿಸಲು ಹೊರಟವರು ಮೊದಲು ಯೋಚಿಸುವುದು ಲೋಹವನ್ನು: ಹಿತ್ತಾಳೆಯೋ, ಸ್ಟೀಲೋ, ಟೈಟಾನಿಯಮ್ಮೋ? ಈ ಭಾಗ ಬೆಳೆದುಬಂದ ದಾರಿಯನ್ನು ನೋಡಿದರೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಎಷ್ಟು ಮಿಲಿಮೀಟರ್?

ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಅದು ತುಸು ಹಿಗ್ಗುತ್ತದೆ, ಹಿಗ್ಗಿದಷ್ಟು ಸ್ವರ ಏರುತ್ತದೆ. ಆ ಏರಿಕೆಯನ್ನು ತುಂಬಿಕೊಡಲು ತಂತಿಯ ಉದ್ದವನ್ನು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿಡಬೇಕು. ದಪ್ಪ ತಂತಿಗೆ ಹೆಚ್ಚು, ತೆಳು ತಂತಿಗೆ ಕಡಿಮೆ. 1950ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಂದ ಗಿಟಾರ್ (ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದದ್ದು) ಆರು ತಂತಿಗೆ ಮೂರೇ ಹಿತ್ತಾಳೆ ಸ್ಯಾಡಲ್ ಕೊಟ್ಟಿತು. ಎರಡು ತಂತಿಗೆ ಒಂದೇ ಸ್ಯಾಡಲ್ ಅಂದಮೇಲೆ ರಾಜಿ ಅನಿವಾರ್ಯ. ಆಗಿನ ಮೂರನೆಯ ತಂತಿಗೆ ಸುತ್ತುತಂತಿ ಇರುತ್ತಿದ್ದರಿಂದ ಆ ರಾಜಿ ಕಿವಿಗೆ ಅಷ್ಟಾಗಿ ಚುಚ್ಚಲಿಲ್ಲ. ಮುಂದೆ ಸುತ್ತಿಲ್ಲದ ಮೂರನೆಯ ತಂತಿ ಬಳಕೆಗೆ ಬಂದಾಗ, ಪಕ್ಕದ ನಾಲ್ಕನೆಯದರ ಜೊತೆ ಅದನ್ನು ಹೊಂದಿಸುವುದು ಕಷ್ಟವಾಯಿತು. ಇಂದು ಟೆಲಿಕಾಸ್ಟರ್‌ಗೆ ಓರೆಯಾಗಿ ಕೊರೆದ, ಇಲ್ಲವೇ ಹಂತ ಹಂತವಾಗಿ ಕಡಿದ ಹಿತ್ತಾಳೆ ಸ್ಯಾಡಲ್‌ಗಳು ಮಾರಾಟವಾಗುತ್ತಿರುವುದು ಆ ಹಳೆಯ ರಾಜಿಯನ್ನು ಸಡಿಲಿಸಲಿಕ್ಕೆ.

1954 ಈ ಕಥೆಯಲ್ಲಿ ತಿರುವಿನ ವರ್ಷ. ಫೆಂಡರ್‌ನ ಸ್ಟ್ರಾಟೊಕಾಸ್ಟರ್ ಪ್ರತಿ ತಂತಿಗೂ ಒಂದರಂತೆ ಆರು ಮಡಚಿದ ಉಕ್ಕಿನ ಸ್ಯಾಡಲ್‌ಗಳೊಂದಿಗೆ ಬಂತು. ಎತ್ತರವನ್ನೂ ಉದ್ದವನ್ನೂ ಬೇರೆ ಬೇರೆಯಾಗಿ ತಿರುಗಿಸಿಕೊಳ್ಳಬಹುದು. ಅದೇ ವರ್ಷ ಗಿಬ್ಸನ್ ಕಂಪನಿಯ ಟೆಡ್ ಮೆಕಾರ್ಟಿಯ ಟ್ಯೂನ್-ಓ-ಮ್ಯಾಟಿಕ್ ಬ್ರಿಜ್ ಲೆಸ್ ಪಾಲ್ ಕಸ್ಟಮ್ ಗಿಟಾರ್‌ನಲ್ಲಿ ಕಾಣಿಸಿತು. ಅದರಲ್ಲಿ ಸ್ಯಾಡಲ್ ಹಿಂದೆ ಮುಂದೆ ಸರಿಯುತ್ತದೆ, ಎತ್ತರ ಮಾತ್ರ ಇಡೀ ಬ್ರಿಜ್‌ಗೆ ಒಟ್ಟಾಗಿ. ಆಮೇಲೆ ಬಂದ ಬಹುಪಾಲು ಬ್ರಿಜ್‌ಗಳು ಈ ಎರಡರ ಸಂತಾನವೇ. 1970ರ ದಶಕದ ಕೊನೆಯಲ್ಲಿ ಫ್ಲಾಯ್ಡ್ ರೋಸ್ ಎಂಬ ಗಿಟಾರ್ ವಾದಕ ತಂತಿಯನ್ನು ಸ್ಯಾಡಲ್‌ನಲ್ಲೇ ಬಿಗಿದು ಬಂಧಿಸುವ ದಾರಿ ಕಂಡುಹಿಡಿದ. 1993ರ ಪಾರ್ಕರ್ ಫ್ಲೈ ಗಿಟಾರ್ ಸ್ಯಾಡಲ್‌ನೊಳಗೆ ಕಂಪನವನ್ನು ವಿದ್ಯುತ್ತಾಗಿಸುವ ಪೀಜೊ ಹರಳು ಇಟ್ಟು, ಅಕೌಸ್ಟಿಕ್ ದನಿಯನ್ನೂ ಕೊಟ್ಟಿತು.

ಲೋಹದ ಕಥೆ ಇದಕ್ಕೆ ಸಮಾನಾಂತರವಾಗಿ ಓಡಿದೆ. 1970ರ ದಶಕದ ಆರಂಭದಲ್ಲಿ ಫೆಂಡರ್ ಮಡಚಿದ ಉಕ್ಕು ಬಿಟ್ಟು ಸತುವಿನ ಎರಕಕ್ಕೆ ಹೊರಳಿತು. ಕಾರಣ ದನಿಯಲ್ಲ ಎನ್ನುವುದು ನನ್ನ ಓದು. ಸತು ಕಡಿಮೆ ಶಾಖದಲ್ಲಿ ಕರಗುತ್ತದೆ, ಅಚ್ಚಿನ ಸೂಕ್ಷ್ಮವನ್ನೆಲ್ಲ ಹಿಡಿಯುತ್ತದೆ. ಬೀದರಿನ ಬಿದರಿ ಕುಶಲಕರ್ಮಿಗಳು ಇದನ್ನು ಶತಮಾನಗಳಿಂದ ಬಲ್ಲರು. ಅದೇ ಸತು ಉಪ್ಪಿಗೆ ಸೋಲುತ್ತದೆ ಎಂಬುದೂ ಅವರಿಗೆ ಗೊತ್ತು: ನವಸಾಗರವೆಂಬ ಉಪ್ಪು ಬೆರೆಸಿದ ಕೋಟೆಯ ಮಣ್ಣು ಹಚ್ಚಿಯೇ ಅವರು ಸತುವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಬೆಳಗಿಸುವುದು. ಗಿಟಾರ್‌ನಲ್ಲಿ ಆ ಉಪ್ಪು ಅಂಗೈಯ ಬೆವರು. ಲೇಪ ಹೋದಕಡೆ ಬಿಳಿ ಪುಡಿ ಏಳುತ್ತದೆ, ತಂತಿ ಗುಳಿ ತೋಡುತ್ತದೆ. ಏಪ್ರಿಲ್–ಮೇ ತಿಂಗಳ ಹೈದರಾಬಾದಿನಲ್ಲಿ ಅಭ್ಯಾಸ ಮಾಡುವವರು ಬಾರಿಸಿದ ಮೇಲೆ ಬ್ರಿಜ್ ಒರೆಸುವುದನ್ನು ಮರೆಯಬಾರದು. ತಂತಿ ಕಡಿಯುವುದನ್ನು ತಪ್ಪಿಸಲು ಕೆನಡಾದ ಗ್ರಾಫ್ ಟೆಕ್ ಕಂಪನಿ ಟೆಫ್ಲಾನ್ ತುಂಬಿದ ಸ್ಯಾಡಲ್ ತಂದಿತು. ಬಲವಾಗಿ ಬಾರಿಸುವವರಿಗೆ ಅದು ನಿಜಕ್ಕೂ ಉಪಕಾರಿ.

ಲೋಹ ಬದಲಾದರೆ ದನಿ ಬದಲಾಗುವುದಿಲ್ಲವೇ? ತೂಕ ಮತ್ತು ಗಡಸುತನ ಬೇರೆಯಾದರೆ ಸ್ವಲ್ಪ ಬದಲಾಗಲೇಬೇಕು. ಆದರೆ ಸ್ಯಾಡಲ್ ಬದಲಿಸಿದ ದಿನವೇ ಹೊಸ ತಂತಿಯೂ ಬಿದ್ದಿರುತ್ತದೆ, ಎತ್ತರವೂ ಬದಲಾಗಿರುತ್ತದೆ. ಕೇಳಿಸಿದ ವ್ಯತ್ಯಾಸದಲ್ಲಿ ಹಿತ್ತಾಳೆಯ ಪಾಲೆಷ್ಟು ಎಂದು ಕಿವಿಯೊಂದೇ ಹೇಳಲಾರದು.

ಅಳತೆಯಲ್ಲಿ ಇಂಥ ಗೊಂದಲವಿಲ್ಲ. ಸ್ಟ್ರಾಟೊಕಾಸ್ಟರ್ ಮಾದರಿಯ ಸ್ಯಾಡಲ್‌ಗಳು ಸಾಮಾನ್ಯವಾಗಿ ಮೂರು ಅಗಲದಲ್ಲಿ ಸಿಗುತ್ತವೆ: ಹಳೆಯ ಅಮೆರಿಕನ್ ಅಳತೆ ಸುಮಾರು 11.3 ಮಿ.ಮೀ., ಏಷ್ಯಾದಲ್ಲಿ ತಯಾರಾಗುವ ಅನೇಕ ಗಿಟಾರ್‌ಗಳದ್ದು 10.8 ಅಥವಾ 10.5. 0.3 ಮಿ.ಮೀ. ಎಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಆರು ಸ್ಯಾಡಲ್ ಪಕ್ಕಪಕ್ಕದಲ್ಲಿ ಕೂತಾಗ ಮೊದಲ ತಂತಿಯಿಂದ ಆರನೆಯದಕ್ಕೆ ಒಂದೂವರೆ ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಅಗಲ ಹೆಚ್ಚಾದರೆ ಒಂದನ್ನೊಂದು ತಳ್ಳುತ್ತವೆ, ಕಡಿಮೆಯಾದರೆ ಆಚೀಚೆ ವಾಲುತ್ತವೆ. ಹಾಗಾಗಿ ಒಂದು ಸ್ಯಾಡಲ್‌ನ ಮಧ್ಯದಿಂದ ಪಕ್ಕದ್ದರ ಮಧ್ಯಕ್ಕೆ ಅಳೆಯಬೇಕು, ಅದೂ ಸ್ಕೇಲಿನಿಂದಲ್ಲ, ವರ್ನಿಯರ್‌ನಿಂದ. ಸಿಕಂದರಾಬಾದಿನ ರಾಣಿಗಂಜ್‌ನ ಅಂಗಡಿ ಸಾಲಿನಲ್ಲಿ ವರ್ನಿಯರೂ, ಎತ್ತರ ಹೊಂದಿಸುವ 3 ಮಿ.ಮೀ. ಗ್ರಬ್ ಸ್ಕ್ರೂಗಳೂ ಹುಡುಕಿದರೆ ಸಿಗುವಂಥವು. ಹಳೆಯ ಅಮೆರಿಕನ್ ಗಿಟಾರ್‌ನ ಸ್ಕ್ರೂಗೆ ಇಂಚಿನ ಅಳತೆಯ ಮರೆ (ತಿರುಪಿನ ಎಳೆ). ಮಿಲಿಮೀಟರ್ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿದರೆ ಸ್ಯಾಡಲ್‌ನ ಮರೆಯೇ ಹಾಳು. ಸ್ಕ್ರೂ ಉದ್ದವಾಗಿ ಮೇಲೆದ್ದು ಅಂಗೈಗೆ ಚುಚ್ಚುತ್ತಿದ್ದರೆ ಗಿಡ್ಡ ಸ್ಕ್ರೂ ಸಾಕು, ಹೊಸ ಸ್ಯಾಡಲ್ ಬೇಡ. ತಂತಿ ಕಡಿಯುವುದು ಲೋಹದ ಮೇಲೆದ್ದ ಚೂಪಿನಿಂದಾದರೆ ನಯವಾದ ಎಮರಿ ಕಾಗದದಲ್ಲಿ ಉಜ್ಜಿ ನೋಡಿ.

ಟ್ಯೂನ್-ಓ-ಮ್ಯಾಟಿಕ್‌ಗೆ ಸ್ಯಾಡಲ್ ಕೊಳ್ಳುವವರು ಇನ್ನೊಂದು ಗಮನಿಸಬೇಕು. ಹಲವು ಬದಲಿ ಸ್ಯಾಡಲ್‌ಗಳಿಗೆ ತಂತಿಯ ಗುಳಿ ಇರುವುದಿಲ್ಲ. ತಂತಿಗಳ ನಡುವಿನ ಅಂತರ ನೋಡಿಕೊಂಡು ಅದನ್ನು ನಾವೇ ಅರದಲ್ಲಿ ಕೊರೆಯಬೇಕು.

ಹೈದರಾಬಾದು ಮೆಟಲ್ ಸಂಗೀತದ ಊರು ಕೂಡ. ಗಾಡ್‌ಲೆಸ್ ಎಂಬ ಡೆತ್ ಮೆಟಲ್ ತಂಡ ಇಲ್ಲಿಯದು. ಆ ಸಂಗೀತ ಪ್ರಕಾರದಲ್ಲಿ ಶ್ರುತಿ ಇಳಿಸಿ ದಪ್ಪ ತಂತಿ ಹಾಕುವುದು ರೂಢಿ. ಆಗ ದಪ್ಪ ತಂತಿಯ ಸ್ಯಾಡಲ್ ಇನ್ನಷ್ಟು ಹಿಂದಕ್ಕೆ ಸರಿಯಬೇಕು, ಕೆಲವು ಬ್ರಿಜ್‌ಗಳಲ್ಲಿ ಸರಿಯಲು ಜಾಗವೇ ಉಳಿಯುವುದಿಲ್ಲ. 12ನೆಯ ಮೆಟ್ಟಿಲನ್ನು ಒತ್ತಿ ಬಾರಿಸಿದ ಸ್ವರ, ಅದೇ ಜಾಗದಲ್ಲಿ ಬೆರಳು ತಾಗಿಸಿ ಬಾರಿಸಿದ ಸ್ವರಕ್ಕಿಂತ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಹೊಸ ಸ್ಯಾಡಲ್ ಕೊಳ್ಳುವ ಮೊದಲು ಈಗಿನದು ಎಷ್ಟು ಹಿಂದೆ ಹೋಗಬಲ್ಲದೆಂದು ನೋಡಿಕೊಳ್ಳಬೇಕು.

ವಿಪರ್ಯಾಸವೆಂದರೆ ಇಷ್ಟು ಸಣ್ಣ ತುಂಡನ್ನು ನಾವು ಹೊರಗಿನಿಂದ ತರಿಸಿಕೊಳ್ಳುತ್ತಿದ್ದೇವೆ. ಇದೇ ಹೈದರಾಬಾದಿನ ಕಂಚನ್‌ಬಾಗ್‌ನಲ್ಲಿ, 1973ರಲ್ಲಿ ಸ್ಥಾಪನೆಯಾದ ಮಿಶ್ರ ಧಾತು ನಿಗಮ ಟೈಟಾನಿಯಂ ಮಿಶ್ರಲೋಹ ತಯಾರಿಸುತ್ತದೆ. ಬಾಲಾನಗರದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ 1968ರಿಂದ ಅಚ್ಚು, ಜಿಗ್ ಮಾಡುವವರನ್ನು ತರಬೇತುಗೊಳಿಸುತ್ತಿದೆ. ಸುತ್ತಮುತ್ತಲಿನ ಲೇತ್ ಶೆಡ್ಡುಗಳಿಗೆ ಮೈಕ್ರಾನ್ ಲೆಕ್ಕ ಹೊಸದಲ್ಲ. ಟೆಲಿಕಾಸ್ಟರ್‌ನ ಮೂರು ಸ್ಯಾಡಲ್‌ನಿಂದಲೇ ಶುರುಮಾಡಬಹುದು: ಸುಮಾರು 8 ಮಿ.ಮೀ. ದಪ್ಪದ ಹಿತ್ತಾಳೆ ಸರಳು, ಎತ್ತರಕ್ಕೆ ಎರಡು ಮರೆ ಕೊರೆದ ತೂತು, ಉದ್ದ ಹೊಂದಿಸಲು ನಡುವೆ ಇನ್ನೊಂದು. ಆ ನಡುವಿನ ತೂತನ್ನು ಎಷ್ಟು ಓರೆಯಾಗಿ ಕೊರೆಯಬೇಕೆಂಬುದನ್ನು ಮಾತ್ರ ಗಿಟಾರ್ ನುಡಿಸುವವರು ತಮ್ಮ ತಂತಿಯ ದಪ್ಪದೊಂದಿಗೆ ಬರೆದು ಕೊಡಬೇಕು.