ಶಿಶುಪಾಲನಾ ಕೇಂದ್ರಗಳು: ಕಾನೂನು ಏನು ಹೇಳುತ್ತದೆ?

ತಂದೆ ತಾಯಿ ಇಬ್ಬರೂ ದುಡಿಯಲು ಹೋಗುವ, ಅಜ್ಜ ಅಜ್ಜಿಯರ ನೆರವು ಹತ್ತಿರದಲ್ಲಿಲ್ಲದ ನಗರದ ಮನೆಗಳಿಗೆ ಶಿಶುಪಾಲನಾ ಕೇಂದ್ರ ಇಂದು ಅನಿವಾರ್ಯವಾಗಿದೆ. ಬಡಾವಣೆಯಲ್ಲಿ 'ಡೇ ಕೇರ್' ಎಂಬ ಫಲಕ ಕಂಡರೆ, ಅದಕ್ಕೆ ಸರ್ಕಾರದ ಅನುಮತಿ ಇದ್ದೇ ಇರುತ್ತದೆ ಎಂದು ಪೋಷಕರು ಭಾವಿಸುವುದು ಸಹಜ. ಆದರೆ ಖಾಸಗಿ ಡೇ ಕೇರ್‌ಗಳಿಗೆಂದೇ ಇಡೀ ದೇಶಕ್ಕೆ ಅನ್ವಯಿಸುವ ಏಕರೂಪದ ಪರವಾನಗಿ ಕಾಯ್ದೆ ಭಾರತದಲ್ಲಿಲ್ಲ. ಕೇಂದ್ರವನ್ನು ನಡೆಸುವವರು ಯಾರು, ಮಗುವಿನ ವಯಸ್ಸೆಷ್ಟು ಎಂಬುದರ ಮೇಲೆ ಬೇರೆ ಬೇರೆ ಕಾನೂನುಗಳು ಅನ್ವಯವಾಗುತ್ತವೆ.

ಉದ್ಯೋಗದಾತರ ಹೊಣೆ

ಕಾನೂನು ಹೆಚ್ಚು ಸ್ಪಷ್ಟವಾಗಿರುವುದು ಉದ್ಯೋಗಸ್ಥಳಗಳ ವಿಷಯದಲ್ಲಿ. 1948ರ ಕಾರ್ಖಾನೆಗಳ ಕಾಯ್ದೆಯ 48ನೇ ಕಲಂ, 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಒದಗಿಸಬೇಕೆಂದು ವಿಧಿಸಿತ್ತು. ಮಹಿಳೆಯರನ್ನಷ್ಟೇ ಎಣಿಸುವ ಈ ಪದ್ಧತಿಯಿಂದ, ಹೆಚ್ಚು ಮಹಿಳೆಯರನ್ನು ನೇಮಿಸಿಕೊಂಡರೆ ವೆಚ್ಚವೂ ಹೆಚ್ಚು ಎಂಬ ಲೆಕ್ಕಾಚಾರಕ್ಕೆ ಆಸ್ಪದವಾಗುತ್ತಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಈ ದೃಷ್ಟಿಯನ್ನು ಬದಲಿಸಿತು. ಸ್ತ್ರೀ ಪುರುಷರೆನ್ನದೆ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ ಶಿಶುಪಾಲನಾ ಸೌಲಭ್ಯ ಕಲ್ಪಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ಕಂಡುಬರಲು ಅವಕಾಶ ನೀಡಬೇಕು ಎಂದಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಹಳೆಯ ಕಾಯ್ದೆಗಳ ಸ್ಥಾನವನ್ನು ಅವು ಪಡೆದಿವೆ. ಶಿಶುಪಾಲನೆಯ ಹೊಣೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಮಿನಲ್ಲಿದೆ. 50 ನೌಕರರ ಮಿತಿ ಮತ್ತು ದಿನಕ್ಕೆ ನಾಲ್ಕು ಭೇಟಿಯ ಹಕ್ಕು ಅಲ್ಲಿಯೂ ಉಳಿದಿವೆ. ಪ್ರತಿ ಸಂಸ್ಥೆಯೂ ತನ್ನದೇ ಕೇಂದ್ರ ತೆರೆಯಬೇಕೆಂದಿಲ್ಲ. ಸರ್ಕಾರ, ನಗರಸಭೆ, ಖಾಸಗಿ ಅಥವಾ ಸ್ವಯಂಸೇವಾ ಸಂಸ್ಥೆಯ ಕೇಂದ್ರವನ್ನು ಬಳಸಿಕೊಳ್ಳಬಹುದು, ಹಲವು ಸಂಸ್ಥೆಗಳು ಒಟ್ಟಾಗಿಯೂ ನಡೆಸಬಹುದು. ಸಣ್ಣ ಕಚೇರಿಗಳೇ ಹೆಚ್ಚಿರುವ ವಾಣಿಜ್ಯ ಸಂಕೀರ್ಣಗಳಿಗೆ ಇದು ಅನುಕೂಲಕರ.

ಗುಣಮಟ್ಟದ ಅಳತೆಗೋಲು

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2018ರಲ್ಲಿ ಶಿಶುಪಾಲನಾ ಕೇಂದ್ರಗಳಿಗಾಗಿ ರಾಷ್ಟ್ರೀಯ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಕೇಂದ್ರವು ಉದ್ಯೋಗಸ್ಥಳದಲ್ಲೇ ಅಥವಾ 500 ಮೀಟರ್ ಒಳಗೆ ಇರಬೇಕು, ಇಲ್ಲವೇ ತಾಯಂದಿರ ವಾಸಸ್ಥಳದ ಸಮೀಪದಲ್ಲಿರಬಹುದು. ಪ್ರತಿ ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ ಜಾಗ ಬೇಕು. ಮೂರು ವರ್ಷದೊಳಗಿನ 10 ಮಕ್ಕಳಿಗೆ, ಅದಕ್ಕೆ ಮೇಲ್ಪಟ್ಟ 20 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಹಾಗೂ ಸಹಾಯಕಿ ಇರಬೇಕು. ಇವು ಉದ್ಯೋಗದಾತರನ್ನು ಉದ್ದೇಶಿಸಿದ ಮಾರ್ಗಸೂಚಿಗಳಾದರೂ, ಯಾವುದೇ ಖಾಸಗಿ ಕೇಂದ್ರವನ್ನು ಅಳೆಯಲು ಪೋಷಕರಿಗೆ ಉಪಯುಕ್ತ.

ಖಾಸಗಿ ಕೇಂದ್ರಗಳು

ಶಾಲಾಪೂರ್ವ ಶಿಕ್ಷಣ ನೀಡುವ ಸಂಸ್ಥೆಗಳ ನೋಂದಣಿಯ ವಿಚಾರ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮೂರರಿಂದ ಆರು ವರ್ಷದ ಮಕ್ಕಳ ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯಿದೆ. 20 ಮಕ್ಕಳಿಗೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಪಾಲಕಿ ಇರಬೇಕೆಂದು ಅದು ಹೇಳುತ್ತದೆ. ಹಗಲು ಹೊತ್ತು ಹಸುಗೂಸುಗಳನ್ನು ನೋಡಿಕೊಳ್ಳುವ ಕೇಂದ್ರಗಳ ಸ್ಥಿತಿ ಇಷ್ಟು ನಿಚ್ಚಳವಾಗಿಲ್ಲ. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ವಹಿವಾಟಿಗೆ ಕೊಟ್ಟ ಅನುಮತಿಯೇ ಹೊರತು ಆರೈಕೆಯ ಗುಣಮಟ್ಟಕ್ಕೆ ನೀಡಿದ ಪ್ರಮಾಣಪತ್ರವಲ್ಲ. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನ ಕಡ್ಡಾಯ ನೋಂದಣಿ ಕೂಡ ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಪಾಲನಾ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಸಂಜೆ ಮನೆಗೆ ಮರಳುವ ಮಕ್ಕಳ ಡೇ ಕೇರ್ ಅದಲ್ಲ.

ಇದರ ಪರಿಣಾಮವೆಂದರೆ, ಅನಾಹುತ ಸಂಭವಿಸಿದ ನಂತರದ ಕಾನೂನು ಬಲವಾಗಿದೆ, ಅದನ್ನು ಮೊದಲೇ ತಡೆಯುವ ತಪಾಸಣೆ ದುರ್ಬಲವಾಗಿದೆ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಕ್ಕಳ ಆರೈಕೆಯ ಹೊಣೆ ಹೊತ್ತ ಸಂಸ್ಥೆಯ ಸಿಬ್ಬಂದಿ ಅಥವಾ ವ್ಯವಸ್ಥಾಪಕರು ಮಗುವಿನ ಮೇಲೆ ಕ್ರೌರ್ಯ ಎಸಗಿದರೆ ಐದು ವರ್ಷಗಳವರೆಗೆ ಕಠಿಣ ಸಜೆ ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯ್ದೆ ಕಡ್ಡಾಯಗೊಳಿಸಿದೆ. ಸಂಸ್ಥೆಯ ಮರ್ಯಾದೆಗಾಗಿ ಮುಚ್ಚಿಡುವ ಮುಖ್ಯಸ್ಥರೂ ಶಿಕ್ಷಾರ್ಹರು.

ಹೋಲಿಕೆಗೆ ಅಮೆರಿಕವನ್ನು ನೋಡಬಹುದು. ಅಲ್ಲಿ ಶಿಶುಪಾಲನೆಯ ಪರವಾನಗಿ ಆಯಾ ರಾಜ್ಯಗಳ ಅಧಿಕಾರ. ಕ್ಯಾಲಿಫೋರ್ನಿಯದಲ್ಲಿ ಮನೆಯಲ್ಲೇ ನಡೆಸುವ ಸಣ್ಣ ಕೇಂದ್ರಕ್ಕೆ ಗರಿಷ್ಠ 8, ದೊಡ್ಡದಕ್ಕೆ 14 ಮಕ್ಕಳ ಮಿತಿಯಿದೆ. ಕೇಂದ್ರದ ಅನುದಾನಕ್ಕೆ ಸಂಬಂಧಿಸಿದ 2014ರ ಕಾನೂನು, ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ ಹಾಗೂ ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದ ತಪಾಸಣೆಯನ್ನು ಬಯಸುತ್ತದೆ. ತಪಾಸಣಾ ವರದಿ ಸಾರ್ವಜನಿಕರಿಗೆ ಲಭ್ಯವಿರಬೇಕು.

ಸರ್ಕಾರಿ ವ್ಯವಸ್ಥೆ

ಅಂಗನವಾಡಿಗಳ ಜೊತೆಗೆ, ಕೇಂದ್ರದ 'ಮಿಷನ್ ಶಕ್ತಿ'ಯಡಿ 'ಪಾಲನಾ' ಯೋಜನೆ ಆರು ತಿಂಗಳಿನಿಂದ ಆರು ವರ್ಷದ ಮಕ್ಕಳಿಗೆ ಹಗಲಿನ ಆರೈಕೆ ಒದಗಿಸುತ್ತದೆ. ದುಡಿಯುವ ಗ್ರಾಮೀಣ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 4,000 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿತ್ತು.

ಪೋಷಕರು ಗಮನಿಸಬೇಕಾದುದು

ಮಗುವನ್ನು ಸೇರಿಸುವ ಮುನ್ನ ಸ್ಥಳೀಯ ಸಂಸ್ಥೆಯ ಪರವಾನಗಿ, ನೋಂದಣಿ ಪತ್ರ ಮತ್ತು ಸಿಬ್ಬಂದಿಯ ಪೊಲೀಸ್ ಪರಿಶೀಲನೆಯ ದಾಖಲೆಗಳನ್ನು ಕೇಳಿ ನೋಡಬೇಕು. ಒಬ್ಬ ಪಾಲಕಿಯ ಪಾಲಿಗೆ ಎಷ್ಟು ಮಕ್ಕಳು ಎಂಬುದನ್ನು ಕೇಳಿ ತಿಳಿಯುವ ಬದಲು, ಕೆಲಸದ ದಿನದ ಮಧ್ಯಾಹ್ನ ಹೋಗಿ ಕಣ್ಣಾರೆ ಎಣಿಸುವುದು ಲೇಸು. ತುರ್ತು ನಿರ್ಗಮನ ದ್ವಾರ, ಕಿಟಕಿಗಳ ಸರಳು, ಅಡುಗೆಮನೆ, ನೀರಿನ ತೊಟ್ಟಿ ಪರೀಕ್ಷಿಸಬೇಕು. ಪೋಷಕರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವ ಕೇಂದ್ರದ ಬಗ್ಗೆ ಎಚ್ಚರವಿರಲಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು. ಮಾತು ಬಾರದ ಕಂದ ದೂರು ಹೇಳಲಾರದು. ಅದರ ಪರವಾಗಿ ಕೇಳಬೇಕಾದವರು ಹೆತ್ತವರೇ.